ತಳವಾರನ ಉಂಬಳಿ

ಬಯಲುಸೀಮೆಯ ಊರುಗಳ ಹಳೆಯ ಪಹಣಿಗಳನ್ನು ತಿರುವಿದವರಿಗೆ, ಸರ್ವೆ ನಂಬರಿನ ಎದುರಿಗೆ ‘ತೋಟಿ ಇನಾಮ್ತಿ’ ಎಂದೋ ‘ತಳವಾರಿಕೆ ಇನಾಮ್ತಿ’ ಎಂದೋ ಬರೆದಿರುವ ಸಣ್ಣ ಹೊಲದ ತುಂಡುಗಳು ಕಣ್ಣಿಗೆ ಬೀಳದಿರವು. ಊರನ್ನು ಕಾಯುವವನಿಗೆ ಪ್ರಭುತ್ವವು ಸಂಬಳವನ್ನು ಎಣಿಸಿ ಕೊಡದೆ ನೆಲವನ್ನೇ ಬಿಟ್ಟುಕೊಟ್ಟು, ಆ ನೆಲದ ಕಂದಾಯವನ್ನು ಪೂರ್ಣವಾಗಿಯೋ ಭಾಗಶಃ ಮಾತ್ರವೋ ತೊರೆದು, ಮಿಕ್ಕ ಭಾರವನ್ನು ಊರಿನ ಕಣಗಳ ಮೇಲೆ ಹೊರಿಸಿದ ಒಂದು ದೀರ್ಘಕಾಲದ ಏರ್ಪಾಡು ಆ ಎರಡು ಮಾತುಗಳಲ್ಲಿ ಅಡಗಿದೆ.

ತಳವಾರನೆಂಬ ಹೆಸರು ಬಹು ಪ್ರಾಚೀನವಾದುದು. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ‘ಮಹಾತಳವರ’ ಎಂಬುದು ದೊಡ್ಡ ಅಧಿಕಾರಿಗಳ ಬಿರುದು. ನಮ್ಮ ವಡ್ಡಾರಾಧನೆಯಲ್ಲಿ, ವಿದ್ಯುಚ್ಚೋರನ ಕಥೆಯ ತಳಾರ ಯಮದಂಡನು, ಕಳ್ಳನನ್ನು ಗಡುವಿನೊಳಗೆ ಹಿಡಿದು ತಾರದೆ ಹೋದರೆ ಕಳ್ಳನಿಗೆ ಸಲ್ಲುವ ದಂಡನೆಯನ್ನು ತಾನೇ ಅನುಭವಿಸಬೇಕೆಂಬ ರಾಜಾಜ್ಞೆಗೆ ಗುರಿಯಾಗುತ್ತಾನೆ. ರಾಜಧಾನಿಗಳಲ್ಲಿ ಕಾವಲಿಗೆ ಹಣವು ಬೇರೆ ಮಾರ್ಗದಿಂದ ಒದಗುತ್ತಿದ್ದಿತು: 1443ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕನು, ಟಂಕಸಾಲೆಯ ಎದುರಿಗಿದ್ದ ನಗರಾಧ್ಯಕ್ಷನ ಕಚೇರಿಗೆ 12,000 ಕಾವಲುಗಾರರಿದ್ದರೆಂದೂ ಅವರ ದಿನದ ವೇತನವಾದ 12,000 ಪಣಗಳು ವೇಶ್ಯಾಗೃಹಗಳ ಉತ್ಪನ್ನದಿಂದ ಬರುತ್ತಿದ್ದುವೆಂದೂ ಕೇಳಿ ಬರೆದಿಟ್ಟಿದ್ದಾನೆ. ಹಳ್ಳಿಗೆ ಅಂತಹ ಆದಾಯವೆಲ್ಲಿಯದು? ಅಲ್ಲಿ ಕೊಡಲು ಇದ್ದುದು ನೆಲ ಮತ್ತು ಧಾನ್ಯ, ಇವೆರಡೇ.

ನೆಲವನ್ನು ಕೊಟ್ಟು ಕಾವಲನ್ನು ಪಡೆಯುವ ಈ ರೂಢಿಯ ಅತ್ಯಂತ ಹೃದಯಸ್ಪರ್ಶಿಯಾದ ಸಾಕ್ಷ್ಯವೆಂದರೆ ತುರುಗಾಳಗದ ವೀರಗಲ್ಲುಗಳು. ಕೆರೆಯ ಏರಿಯ ಮಗ್ಗುಲಲ್ಲಿ ಅರ್ಧ ಹೂತು ನಿಂತಿರುವ ಅಂತಹ ಕಲ್ಲೊಂದರ ಮುಂದೆ ಕ್ಷಣಕಾಲ ನಿಂತು ನೋಡಿದರೆ, ಕೆಳಗಿನ ಪಟ್ಟಿಕೆಯಲ್ಲಿ ಒಂದರ ಬೆನ್ನಿಗೊಂದು ಒತ್ತಿಕೊಂಡ ದನಗಳು ಮತ್ತು ಬಿಲ್ಲನ್ನೆತ್ತಿದ ಒಬ್ಬ ಮನುಷ್ಯ, ನಡುವೆ ಅವನನ್ನು ತೋಳು ಹಿಡಿದು ಒಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅವನೇ. ಹೀಗೆ ಊರ ತುರುವನ್ನು ಮರಳಿಸಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಿವೆ. ರಕ್ತಕ್ಕೆ ಪ್ರತಿಯಾಗಿ ಕೊಟ್ಟ ಗದ್ದೆಯನ್ನು ಆ ಮನೆಯ ವಿಧವೆ ಯಾವ ಮನಸ್ಸಿನಿಂದ ಉಳುಮೆ ಮಾಡಿಸಿದಳೋ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಶಾಂತಿಕಾಲದ ಕಾವಲುಗಾರನಿಗೆ, ಊರಿನ ಬೆಳೆಯಲ್ಲಿ ಪಾಲು ಪಡೆಯುವ ಹನ್ನೆರಡು ಮಂದಿ ಆಯಗಾರರಲ್ಲಿ ಸ್ಥಾನವಿದ್ದಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನು ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ, ನೀರುಗಂಟಿ ಮೊದಲಾದವರ ಸಾಲಿನಲ್ಲಿಯೇ ತಳಾರಿಯನ್ನೂ ತೋಟಿಯನ್ನೂ ಎಣಿಸಿದ್ದಾನೆ. ಅಪರಾಧಗಳ ಸುಳಿವನ್ನು ಹಿಡಿಯುವುದು, ಪ್ರಯಾಣಿಕರನ್ನು ಮುಂದಿನ ಊರಿನವರೆಗೆ ಕಾವಲಿಟ್ಟು ಕಳುಹಿಸುವುದು ತಳಾರಿಯ ಕೆಲಸ. ಪೈರನ್ನು ಕಾಯುವುದು, ಅಳತೆಯ ಹೊತ್ತಿನಲ್ಲಿ ನೆರವಾಗುವುದು ತೋಟಿಯ ಕೆಲಸ. ಸುಗ್ಗಿಯಲ್ಲಿ, ಸಗಣಿಯ ಬೆನಕನನ್ನಿಟ್ಟು ರಾಶಿಯನ್ನು ಪೂಜಿಸಿ, ಒಂದು ಎನ್ನದೆ ‘ಲಾಭ’ ಎಂದು ಮೊದಲ ಕೊಳಗವನ್ನು ಅಳೆಯತೊಡಗಿದಾಗ, ವರ್ಷವೆಲ್ಲ ಇರುಳ ಸದ್ದಿಗೆ ಕಿವಿಗೊಟ್ಟವನು ಕಣದ ಅಂಚಿನಲ್ಲಿ ಕಂಬಳಿಯನ್ನು ಹಾಸಿಕೊಂಡು ತನ್ನ ಆಯಕ್ಕಾಗಿ ಕಾದಿರುತ್ತಿದ್ದನು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ನನು ಇಂತಹ ರಾಶಿಯಿಂದ ಊರಿನ ಸೇವಕರಿಗೆ ಸಲ್ಲುತ್ತಿದ್ದ ಪಾಲುಗಳನ್ನು ಸೇರಿನ ಲೆಕ್ಕದಲ್ಲಿ ಬರೆದುಕೊಂಡಿದ್ದಾನೆ.

ಉಂಡ ಅನ್ನಕ್ಕೆ ಉತ್ತರ ಹೇಳಬೇಕಾದ ಹೊಣೆಯೂ ಅಷ್ಟೇ ಸ್ಪಷ್ಟವಾಗಿದ್ದಿತು. ಕಳ್ಳನ ಹೆಜ್ಜೆಯು ಎಲ್ಲೆಯನ್ನು ದಾಟಿ ಹೊರಗೆ ಹೋದುದನ್ನು ತೋರಿಸಲಾಗದಿದ್ದರೆ ದೋಷವು ಗ್ರಾಮದ ಒಡೆಯನದೆಂಬುದು ಯಾಜ್ಞವಲ್ಕ್ಯನ ವಿಧಿ; ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಹೆಜ್ಜೆಯ ಜಾಡು ಪಕ್ಕದ ಊರಿನ ಸೀಮೆಯನ್ನು ಹೊಕ್ಕರೆ ಹೊಣೆ ಆ ಊರಿನದಾಗುವ ಪದ್ಧತಿ ದಕ್ಷಿಣದ ಅನೇಕ ಕಡೆಗಳಲ್ಲಿ ಬ್ರಿಟಿಷರ ಕಾಲದವರೆಗೂ ಉಳಿದಿದ್ದಿತು. ಹೋದ ವಸ್ತುವಿನ ಬೆಲೆಯನ್ನು ಕಾವಲುಗಾರನಿಂದ ತುಂಬಿಸಿಕೊಳ್ಳುವ ಕಟ್ಟಳೆ ಇಂದು ಕಠಿನವೆಂದು ತೋರಿದರೂ, ಕಳೆದುಕೊಂಡ ಬಡವನು ನ್ಯಾಯಕ್ಕಾಗಿ ದೂರದ ಕಚೇರಿಗೆ ಅಲೆಯಬೇಕಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ಆದರೆ ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸುವುದು ಅನ್ಯಾಯವಾದೀತು. ಉಂಬಳಿಯ ನೆಲ ವಂಶಪಾರಂಪರ್ಯವಾದಂತೆ ಚಾಕರಿಯೂ ವಂಶಪಾರಂಪರ್ಯವಾಯಿತು. ತೋಟಿಯು ಬಹುಪಾಲು ಊರುಗಳಲ್ಲಿ ಅಸ್ಪೃಶ್ಯರೆಂದು ಊರಾಚೆಗೆ ಇರಿಸಿದ ಕುಟುಂಬಗಳವನು. ಗಡಿಯ ವ್ಯಾಜ್ಯದಲ್ಲಿ ಅದೇ ಕೇರಿಯ ಗ್ರಾಮಸೇವಕನಾದ ಕುಳವಾಡಿಯ ಮಾತೇ ಕಡೆಯ ಮಾತೆಂದು ಒಪ್ಪುತ್ತಿದ್ದ ಊರು, ಅವನನ್ನು ದೇವಸ್ಥಾನದ ಹೊಸ್ತಿಲನ್ನು ತುಳಿಯಗೊಡುತ್ತಿರಲಿಲ್ಲ. ಕೊಟ್ಟ ತುಂಡು ಹೊಲವು ತಲೆಮಾರುಗಳಲ್ಲಿ ಹಂಚಿಹೋಗಿ ಒಬ್ಬೊಬ್ಬನ ಪಾಲಿಗೆ ನಾಲ್ಕು ಸಾಲು ಬಂದರೂ, ಅಮಲ್ದಾರನ ಸವಾರಿ ಬಂದಾಗ ಸೌದೆ ಹೊರುವುದು, ಕುದುರೆಗೆ ಹುಲ್ಲು ತರುವುದು, ನಡುರಾತ್ರಿಯಲ್ಲಿ ಟಪಾಲು ಒಯ್ಯುವುದು ಮಾತ್ರ ಹಂಚಿಹೋಗಲಿಲ್ಲ. ನನ್ನ ದೃಷ್ಟಿಯಲ್ಲಿ, ಗ್ರಾಮಸ್ವರಾಜ್ಯವನ್ನು ಹೊಗಳುವವರು ಮೊದಲು ಓದಬೇಕಾದ ಅಧ್ಯಾಯವಿದು.

ಕಂಪನಿಯ ಸರ್ಕಾರವು 1802ರ ಸುಮಾರಿಗೆ ಮದರಾಸು ಸೀಮೆಯಲ್ಲಿ ದಾರೋಗಾಗಳೆಂಬ ಪೊಲೀಸ್ ಅಧಿಕಾರಿಗಳನ್ನು ನೇಮಿಸಿ, ಅದು ಫಲಿಸದೆ, ಬಳ್ಳಾರಿಯ ಸೀಮೆಯನ್ನು ಆಳಿ ಬಲ್ಲ ಥಾಮಸ್ ಮನ್ರೋನ ಆಲೋಚನೆಯಂತೆ 1816ರ ನಿಬಂಧನೆಯ ಮೂಲಕ ಗ್ರಾಮದ ಪೊಲೀಸನ್ನು ಮರಳಿ ಊರಿನ ಮುಖ್ಯಸ್ಥನಿಗೂ ಅವನ ಕೈಕೆಳಗಿನ ತಳಾರಿಗೂ ಒಪ್ಪಿಸಿತು. 1861ರ ಪೊಲೀಸ್ ಕಾನೂನು ಕೂಡ ತನ್ನ 21ನೆಯ ಕಲಮಿನಲ್ಲಿ ವಂಶಪಾರಂಪರ್ಯದ ಗ್ರಾಮಪೊಲೀಸರನ್ನು ಮುಟ್ಟದೆ ಬಿಟ್ಟಿತು. ಅವರಷ್ಟು ಅಗ್ಗದ ಸೇವಕರು ಖಜಾನೆಗೆ ಬೇರೆಲ್ಲಿ ದೊರೆತಾರು? ಮುಂಬಯಿ ಕರ್ನಾಟಕದಲ್ಲಿ 1867ರ ಗ್ರಾಮಪೊಲೀಸ್ ಕಾನೂನು, 1874ರ ವತನು ಕಾನೂನು ಬಂದುವು. ಅಲ್ಲಿ ಊರಕಾವಲಿನ ವಾಲೀಕಾರನಿದ್ದನು, ಸನದಿನ ಮೇಲೆ ಹೊಲವನ್ನುಣ್ಣುವ ಶೇತಸನದಿಯಿದ್ದನು. ಮೈಸೂರಿನಲ್ಲಿ ದಿವಾನ ಪೂರ್ಣಯ್ಯನವರ ಕಾಲದ ಕಂದಾಚಾರವೆಂಬ ಸ್ಥಳೀಯ ಪಡೆಯ ಪೇದೆಗಳು ನೇಗಿಲನ್ನು ಬಿಡದೆಯೇ ಆಯುಧವನ್ನು ಹಿಡಿದವರು. 1908ರ ಗ್ರಾಮಾಧಿಕಾರಿಗಳ ಕಾನೂನು ಹಳ್ಳಿಯ ಹುದ್ದೆಗಳನ್ನು ಒಂದು ಕಟ್ಟಿಗೆ ತಂದಿತು.

ಕೊನೆಗೆ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ಹುದ್ದೆಯನ್ನು ಅಳಿಸಿ, ಇನಾಮ್ತಿ ನೆಲವನ್ನು ಸರ್ಕಾರಕ್ಕೆ ಸೇರಿಸಿಕೊಂಡು, ಬೆಲೆ ಕಟ್ಟಿದ ಹಿಂದಿನ ಹಿಡುವಳಿದಾರನಿಗೆ ಮರುಮಂಜೂರು ಮಾಡುವ ದಾರಿಯನ್ನು ತೆರೆಯಿತು. ಚಾಕರಿಯ ಸಂಕೋಲೆ ಕಳಚಿದುದು ನಿಸ್ಸಂದೇಹವಾಗಿ ಪುಣ್ಯದ ಕೆಲಸ. ಆದರೆ ಅಷ್ಟರಲ್ಲಿಯೇ ಎಷ್ಟೋ ತುಂಡುಗಳು ಸಾಲ ಕೊಟ್ಟವರ ಕೈಸೇರಿದ್ದುವು. ಮರುಮಂಜೂರಾದ ನೆಲವನ್ನು ಹದಿನೈದು ವರ್ಷ ಪರಭಾರೆ ಮಾಡಕೂಡದೆಂಬ ನಿರ್ಬಂಧ ಬಂದುದು 1978ರ ತಿದ್ದುಪಡಿಯಲ್ಲಿ. ಇತ್ತ 1964ರಲ್ಲಿ ಗ್ರಾಮರಕ್ಷಣಾ ದಳಗಳ ಕಾನೂನು ಬಂದು, ಊರಿನ ತರುಣರು ಪೊಲೀಸರಿಗೆ ನೆರವಾಗಿ ಗಸ್ತು ತಿರುಗುವ ಹೊಸ ಕ್ರಮವನ್ನು ಹಾಕಿತು. ಹಳೆಯ ತೋಟಿ ತಳವಾರರ ಮನೆಗಳ ಅನೇಕರು ಇಂದು ಕಂದಾಯ ಇಲಾಖೆಯ ಗ್ರಾಮಸಹಾಯಕರಾಗಿದ್ದಾರೆ. ಅಧಿಕಾರಿ ಬಂದರೆ ದಾರಿ ತೋರುತ್ತಾರೆ, ಮಳೆಗೆ ಗೋಡೆ ಬಿದ್ದರೆ ಸುದ್ದಿ ಮುಟ್ಟಿಸುತ್ತಾರೆ, ಮತ್ತು ತಿಂಗಳ ಗೌರವಧನದ ಬದಲು ಖಾಯಂ ಸಂಬಳವನ್ನು ಕೊಡಿರೆಂದು ಅರ್ಜಿಗಳನ್ನು ಬರೆಯುತ್ತಲೇ ಇದ್ದಾರೆ.