ಟಿಕ್ ಟಿಕ್ ಎನ್ನುವ ಡಬ್ಬಿ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಸ್ಕೂಟರ್ ಓಡಿಸಿದ ಹೆಂಗಸರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮುಂದಿನ ಲಾರಿಯ ಬಲಗಡೆಯ ಹಳದಿ ದೀಪ ಮಿನುಗತೊಡಗುತ್ತದೆ. ಅದಕ್ಕೆ ಅರ್ಥ ಎರಡು. 'ನಾನು ಬಲಕ್ಕೆ ತಿರುಗುತ್ತೇನೆ, ನೀನು ಹಿಂದೆಯೇ ಇರು' ಎಂಬುದು ಒಂದು. 'ಮುಂದೆ ರಸ್ತೆ ಖಾಲಿ ಇದೆ, ನನ್ನನ್ನು ದಾಟಿಕೊಂಡು ಹೋಗು' ಎಂಬುದು ಇನ್ನೊಂದು. ದೀಪ ಒಂದೇ, ಮಾತು ಎರಡು, ಒಂದು ಇನ್ನೊಂದಕ್ಕೆ ತದ್ವಿರುದ್ಧ. ಯಾವುದೆಂದು ತೀರ್ಮಾನಿಸಲು ನಮಗೆ ಸಿಗುವುದು ಮೂರು ನಾಲ್ಕು ಮಿನುಗಿನಷ್ಟು ಹೊತ್ತು.

ಗಣಿಯ ಅಬ್ಬರದ ಕಾಲದಲ್ಲಿ ನನ್ನ ಗೆಳತಿಯೊಬ್ಬಳು ಹೀಗೆಯೇ ಬಿದ್ದು ಕಾಲರ್ ಮೂಳೆ ಮುರಿದುಕೊಂಡಳು. ಆಗ ಸಂಡೂರಿನ ಗುಡ್ಡಗಳ ಅದಿರು ಹೊಸಪೇಟೆ ದಾಟಿ, ಕೊಪ್ಪಳ, ಗದಗ, ಹುಬ್ಬಳ್ಳಿಯ ಮೇಲೆ ಬೇಲೆಕೇರಿ ಬಂದರಿನವರೆಗೆ ಲಾರಿಯಲ್ಲೇ ಹೋಗುತ್ತಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ತನಕ ಈ ರಸ್ತೆಗಳಿಗೆ ಹಗಲು ರಾತ್ರಿಯ ಭೇದವಿರಲಿಲ್ಲ. ಆಸ್ಪತ್ರೆಗೆ ಬಂದ ಲಾರಿ ಡ್ರೈವರ್, "ನಾನು ಸಿಗ್ನಲ್ ಹಾಕಿದ್ದೆನಮ್ಮಾ" ಎಂದ. ಗೆಳತಿ, "ಸಿಗ್ನಲ್ ನೋಡಿದ್ದಕ್ಕೇ ದಾಟಾಕ ಬಂದೆನಪ್ಪಾ" ಎಂದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಈ ಪುಟ್ಟ ದೀಪದ ಹಿಂದಿನ ಕಥೆಯನ್ನು ನಾನು ಕೆದಕಲು ಹೊರಟಿದ್ದು ಅಂದಿನಿಂದ.

ಕೈಯಲ್ಲಿ ಸನ್ನೆ ಮಾಡುತ್ತಿದ್ದ ಕಾಲದಲ್ಲಿ ಈ ಗೊಂದಲವಿರಲಿಲ್ಲ. ಮೋಟಾರು ಕಾನೂನಿನಲ್ಲಿ ಕೈಸನ್ನೆಗಳು ಐದಿದ್ದವು. 1989ರ ರಸ್ತೆ ನಿಯಮಗಳಲ್ಲಿಯೂ ಅವನ್ನು ವಿವರವಾಗಿ ಬರೆದಿದ್ದರು. ಬಲಕ್ಕೆ ತಿರುಗುವವರು ಅಂಗೈ ಮುಂದಕ್ಕೆ ಮಾಡಿ ಬಲಗೈಯನ್ನು ನೇರವಾಗಿ ಹೊರಗೆ ಚಾಚಬೇಕು. ಎಡಕ್ಕಾದರೆ ಅದೇ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸಬೇಕು. ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನಿಸುತ್ತೇನೆ ಎಂದು, ಮುಂಗೈಯನ್ನು ನೆಟ್ಟಗೆ ಎತ್ತಿದರೆ ನಿಲ್ಲುತ್ತೇನೆ ಎಂದು. ಐದನೆಯದು, ಚಾಚಿದ ಕೈಯನ್ನು ಹಿಂದಕ್ಕೂ ಮುಂದಕ್ಕೂ ಅರ್ಧಚಂದ್ರದಂತೆ ಬೀಸುವುದು: ನನ್ನನ್ನು ದಾಟಿ ಹೋಗು ಎಂದು. ದೀಪ ಬಂದಾಗ ನಿಲ್ಲುವ, ನಿಧಾನಿಸುವ ಮಾತು ಕೆಂಪು ಬ್ರೇಕ್ ದೀಪಕ್ಕೆ ಹೋಯಿತು. ಎಡ ಬಲದ ಮಾತು ಹಳದಿ ದೀಪಕ್ಕೆ ಹೋಯಿತು. ಐದನೆಯ ಮಾತಿಗೆ ಮಾತ್ರ ದೀಪವನ್ನೇ ಕೊಡಲಿಲ್ಲ. ಲಾರಿಯವರು ಅದನ್ನು ತಿರುಗುವ ದೀಪದಲ್ಲೇ ಹೇಳತೊಡಗಿದರು, ಗೆಳತಿಯ ಮೂಳೆ ಮುರಿಯಿತು.

ಕೈಯೇನೂ ಸಂಪೂರ್ಣ ಹೋಗಿಲ್ಲ. ಲಾರಿಯ ಎಡಗಡೆಯ ಇಂಡಿಕೇಟರ್ ಎಂದರೆ ಬಹಳ ಕಾಲ ಕ್ಲೀನರ್ ಹುಡುಗನೇ ಆಗಿದ್ದ. ಬಾಗಿಲನ್ನು ದಬದಬ ಬಡಿದು ಕೈ ಹೊರಹಾಕುತ್ತಿದ್ದ. ಕಂಪ್ಲಿ ಕಡೆ ಕಬ್ಬು ಕಡಿಯುವ ಕಾಲಕ್ಕೆ ಹೋದರೆ ಈಗಲೂ ನೋಡಬಹುದು. ಟ್ರಾಲಿಯ ಎರಡೂ ಪಕ್ಕಕ್ಕೆ ಕಬ್ಬು ಚಾಚಿಕೊಂಡಿರುವಾಗ ಟ್ರ್ಯಾಕ್ಟರಿನ ದೀಪ ಹಿಂದಿನವರಿಗೆ ಕಾಣುವುದೆಲ್ಲಿ? ಕಬ್ಬಿನ ಹೊರೆಯ ಮೇಲೆ ಕೂತವನು ಟವೆಲ್ ಬೀಸುತ್ತಾನೆ. ಅವನು ಬೀಸುವುದು ಅದೇ ಅರ್ಧಚಂದ್ರ.

ಕೈಗೆ ಬದಲು ಯಂತ್ರ ಎಂದು ಮೊದಲು ಯೋಚಿಸಿದವರಲ್ಲಿ ಒಬ್ಬಳು ಸಿನಿಮಾ ನಟಿ ಎಂದರೆ ನಂಬುತ್ತೀರಾ? ಫ್ಲಾರೆನ್ಸ್ ಲಾರೆನ್ಸ್ ಕೆನಡಾದಲ್ಲಿ ಹುಟ್ಟಿ ಅಮೆರಿಕದ ಮೂಕಿ ಚಿತ್ರಗಳಲ್ಲಿ ಹೆಸರಾದವಳು. ಹೆಸರಾದವಳು ಎನ್ನುವುದೂ ಸರಿಯಲ್ಲ. ಆಗಿನ ಕಂಪನಿಗಳು ನಟನಟಿಯರ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲವಾದ್ದರಿಂದ ಜನ ಅವಳನ್ನು 'ಬಯೋಗ್ರಾಫ್ ಹುಡುಗಿ' ಎಂದು ಕಂಪನಿಯ ಹೆಸರಿನಿಂದಲೇ ಗುರುತಿಸುತ್ತಿದ್ದರು. 1910ರ ಹೊತ್ತಿಗಷ್ಟೇ ಅವಳ ಸ್ವಂತ ಹೆಸರು ಜಾಹೀರಾತಿನಲ್ಲಿ ಬಂದದ್ದು. ಕಾರು ಓಡಿಸುವ ಹುಚ್ಚಿದ್ದ ಈಕೆ 1914ರ ಹೊತ್ತಿಗೆ ಗುಂಡಿ ಒತ್ತಿದರೆ ಕಾರಿನ ಹಿಂದೆ ಏಳುವ ಕೈಯೊಂದನ್ನು ಮಾಡಿದಳಂತೆ. ಬ್ರೇಕ್ ತುಳಿದರೆ 'ನಿಲ್ಲು' ಎಂಬ ಫಲಕ ಏಳುವ ಏರ್ಪಾಡನ್ನೂ ಮಾಡಿದಳಂತೆ. ಪೇಟೆಂಟ್ ಮಾಡಿಸಲಿಲ್ಲ. ಅವಳ ತಾಯಿ ಷಾರ್ಲಟ್ ಬ್ರಿಜ್‌ವುಡ್ ಜಾಣೆ, ಕಾರಿನ ಗಾಜು ಒರೆಸುವ ವಿದ್ಯುತ್ ವೈಪರಿಗೆ 1917ರಲ್ಲಿ ಪೇಟೆಂಟ್ ಪಡೆದಳು. ಆದರೆ ಆಕೆಗೂ ಅದರಿಂದ ದುಡ್ಡು ಬರಲಿಲ್ಲ. ಮಗಳು 1938ರ ಡಿಸೆಂಬರಿನಲ್ಲಿ ತೀರಿಕೊಂಡಳು. ಬ್ಯೂಕ್ ಕಂಪನಿಯ 1939ರ ಮಾದರಿಯ ಕಾರುಗಳು ಮಿನುಗುವ ದೀಪ ಹೊತ್ತು ಬಂದವು.

ನಡುವೆ ಇನ್ನೊಂದು ತಮಾಷೆಯ ಅವತಾರವೂ ಇತ್ತು. ನಮ್ಮಲ್ಲಿ 'ಬೇಬಿ ಹಿಂದೂಸ್ತಾನ್' ಎಂದು ಓಡಾಡಿದ ಮಾರಿಸ್ ಮೈನರ್ ಜಾತಿಯ ಕಾರುಗಳನ್ನು ಕಂಡ ಹಿರಿಯರಿಗೆ ನೆನಪಿರಬಹುದು: ಎರಡು ಬಾಗಿಲುಗಳ ನಡುವಿನ ಕಂಬದಿಂದ ಗೇಣುದ್ದದ ಕೈಯೊಂದು ಟಪ್ಪೆಂದು ಹೊರಬರುತ್ತಿತ್ತು, ರೈಲ್ವೆ ಸಿಗ್ನಲ್ಲಿನ ಮರಿಯಂತೆ. ಅದರೊಳಗೆ ಸಣ್ಣ ಬಲ್ಬು. ಹಗಲಲ್ಲಿ ಅದು ಕಣ್ಣಿಗೆ ಬೀಳುತ್ತಿದ್ದುದೇ ಕಷ್ಟ, ಧೂಳು ಕೂತರೆ ಸಿಕ್ಕಿಕೊಳ್ಳುತ್ತಿತ್ತು.

ಈ ಕಡ್ಡಿಯ ಕೈಗಿಂತ ಮಿನುಗುವ ದೀಪ ಗೆದ್ದದ್ದು ಒಂದು ಬೆಂಕಿಪೊಟ್ಟಣದಷ್ಟು ಡಬ್ಬಿಯಿಂದ. ಅದೇ ಫ್ಲ್ಯಾಷರ್ ರಿಲೇ. ಕಾರಿನಲ್ಲಿ ಕೂತಾಗ ಟಿಕ್ ಟಿಕ್ ಎಂದು ಕೇಳುವುದು ಅದರ ಸದ್ದು. ಹಳೆಯ ರಿಲೇಯೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತಿತ್ತು. ಬಲ್ಬಿಗೆ ಹೋಗುವ ಕರೆಂಟು ಅದನ್ನು ಕಾಯಿಸುತ್ತಿತ್ತು. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗಿ ಇನ್ನೊಂದು ಕಡಿಮೆ ಹಿಗ್ಗಿ, ಒಂದೇ ಮಗ್ಗುಲು ಒಣಗಿದ ಹಪ್ಪಳದಂತೆ ಪಟ್ಟಿ ಬಾಗುತ್ತಿತ್ತು. ಬಾಗಿದೊಡನೆ ಕರೆಂಟು ಕಡಿದು ದೀಪ ಆರುತ್ತಿತ್ತು. ತಣ್ಣಗಾಗಿ ನೆಟ್ಟಗಾದರೆ ಮತ್ತೆ ದೀಪ. ಗಡಿಯಾರವಿಲ್ಲ, ಚಕ್ರವಿಲ್ಲ, ಬರಿಯ ಬಿಸಿ ಮತ್ತು ತಂಪು. ನಿಮಿಷಕ್ಕೆ 60ಕ್ಕಿಂತ ಕಡಿಮೆಯಲ್ಲದೆ 120ಕ್ಕಿಂತ ಹೆಚ್ಚಲ್ಲದೆ ಮಿನುಗಬೇಕೆಂದು ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂದರೆ ಹೆಚ್ಚು ಕಡಿಮೆ ನಮ್ಮ ಎದೆಬಡಿತದ ವೇಗ.

ಈ ಡಬ್ಬಿಗೆ ಇನ್ನೊಂದು ಗುಣವಿತ್ತು. ಒಂದು ಬಲ್ಬು ಸುಟ್ಟರೆ ಹರಿಯುವ ಕರೆಂಟು ಅರ್ಧವಾಗಿ ತಾಳ ಕೆಡುತ್ತಿತ್ತು. ಪಟ್ಟಿಯ ರಿಲೇಯಾದರೆ ದೀಪ ಮಿನುಗದೆ ಸುಮ್ಮನೆ ಉರಿಯುತ್ತಿತ್ತು; ಆಮೇಲೆ ಬಂದ ಎಲೆಕ್ಟ್ರಾನಿಕ್ ರಿಲೇಗಳಲ್ಲಿ ಬೇಕೆಂದೇ ವೇಗ ಇಮ್ಮಡಿಯಾಗುವಂತೆ ಮಾಡಿದರು. ಹಿಂದಿನ ಬಲ್ಬು ಸತ್ತಿದ್ದನ್ನು ಮುಂದೆ ಕೂತವರಿಗೆ ತಿಳಿಸುವ ಉಪಾಯವದು. (ಈಚಿನ ಎಷ್ಟೋ ಕಾರುಗಳಲ್ಲಿ ಆ ಟಿಕ್ ಟಿಕ್ ಸದ್ದನ್ನು ಸ್ಪೀಕರಿನಿಂದ ಹೊರಡಿಸುತ್ತಾರೆ. ಡಬ್ಬಿ ಹೋಯಿತು, ಸದ್ದು ಉಳಿಯಿತು.)

ಹೆಂಗಸರಿಗೆ ಈ ದೀಪ ಕೊಟ್ಟ ಅನುಕೂಲವನ್ನು ಯಾರೂ ಬರೆದಂತಿಲ್ಲ. ಕೈಸನ್ನೆ ಐದೂ ಬಲಗೈಯವು. ಸೈಕಲ್ಲಿನಲ್ಲಿ ಬಲಗೈ ಬಿಡಬಹುದು, ಕಾರಿನಲ್ಲೂ ಬಿಡಬಹುದು. ಸ್ಕೂಟರಿನಲ್ಲಿ ಬಲಗೈಯಲ್ಲಿರುವುದು ಆಕ್ಸಿಲೇಟರ್! ಕೈ ಚಾಚಿದರೆ ಗಾಡಿ ನಿಧಾನವಾಗುತ್ತದೆ, ಹಿಂದಿನ ಲಾರಿ ನಿಧಾನವಾಗುವುದಿಲ್ಲ. ಮುಂದೆ ನಿಂತ ಮಗು, ಹ್ಯಾಂಡಲ್ಲಿಗೆ ತೂಗುಹಾಕಿದ ತರಕಾರಿ ಚೀಲ, ಗಾಳಿಗೆ ಹಾರುವ ಸೆರಗು. 1972ರಲ್ಲಿ ಲೂನಾ ಬಂದು, 1984ರಲ್ಲಿ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂದು ನಮ್ಮ ಊರುಗಳ ಟೀಚರುಗಳು, ನರ್ಸುಗಳು, ಬ್ಯಾಂಕಿನವರು ರಸ್ತೆಗಿಳಿದರಲ್ಲ, ಆಗ ಎಡ ಹೆಬ್ಬೆರಳಿಗೆ ಸಿಕ್ಕ ಆ ಸ್ವಿಚ್ಚು ಸಣ್ಣ ವರವಾಗಿರಲಿಲ್ಲ. ಹಂಪಿಯ ಭೀಮನ ಬಾಗಿಲಿಗೆ ಹೋದವರು ನೋಡಿರುತ್ತೀರಿ, ಒಳಗೆ ಹೊಕ್ಕ ದಾರಿ ನೇರ ಹೋಗದೆ ಗೋಡೆಗೆ ಎದುರಾಗಿ ತಿರುಗುತ್ತದೆ. ಶತ್ರುವಿಗೆ ತಿರುವು ತಿಳಿಯಬಾರದೆಂದು ವಿಜಯನಗರದವರು ಹಾಗೆ ಕಟ್ಟಿದರು. ನಮ್ಮ ಕ್ಷೇಮ ಇರುವುದು ತಿರುವನ್ನು ಮೊದಲೇ ಸಾರಿ ಹೇಳುವುದರಲ್ಲಿ.

ಇನ್ನು ಎಲ್‌ಇಡಿಯ ವಿಚಾರ. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ತೋರಿಸಿದ, ಹತ್ತು ವರ್ಷಗಳ ಮೇಲೆ ಅವನ ಶಿಷ್ಯ ಜಾರ್ಜ್ ಕ್ರ್ಯಾಫರ್ಡ್ ಹಳದಿ ಮಾಡಿದ. ಬಲ್ಬಿನೊಳಗೆ ಕೂದಲೆಳೆಯಂಥ ತಂತಿ. ಅದಿರು ಲಾರಿಗಳು ಅಗೆದುಹಾಕಿದ ರಸ್ತೆಯ ಕುಲುಕಿಗೆ ಅದು ತಿಂಗಳೆರಡು ತಿಂಗಳಿಗೇ ತುಂಡಾಗುತ್ತದೆ. ಎಲ್‌ಇಡಿಯಲ್ಲಿ ತುಂಡಾಗಲು ತಂತಿಯೇ ಇಲ್ಲ. ಅದರ ಮಿತವ್ಯಯವೂ ಬೆರಗಿನದು. ಕಾರಿನ ಒಂದು ಪಕ್ಕದ 21 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್ ಕುಡಿಯುವ ಕಡೆ, ಒಂದೆರಡು ವ್ಯಾಟಿನ ಎಲ್‌ಇಡಿಗಳಿಗೆ ಅದರ ಹತ್ತನೆಯ ಒಂದು ಪಾಲು ಸಾಕು.

ತಾಪತ್ರಯ ಶುರುವಾಗುವುದು ಇಲ್ಲೇ. ನಮ್ಮ ಮನೆಯ ಹುಡುಗ ನನ್ನ ಹಳೆಯ ಸ್ಕೂಟರಿಗೆ ಎಲ್‌ಇಡಿ ಹಾಕಿಸಿಕೊಂಡು ಬಂದ. ಇಂಡಿಕೇಟರ್ ಹಾಕಿದರೆ ಮೈಮೇಲೆ ದೇವರು ಬಂದಂತೆ ಪಟಪಟ ಮಿನುಗಿತು. ಹೊಸಪೇಟೆಯಲ್ಲಿ ನಾನು ಗಾಡಿ ಬಿಡುವ ಮೆಕ್ಯಾನಿಕ್ ನೋಡಿ ನಕ್ಕ. "ದೀಪ ಚೆನ್ನಾಗೇ ಐತಿ ಅಕ್ಕಾರೆ, ರಿಲೇಗೆ ಗೊತ್ತಾಗ್ತಿಲ್ಲ. ಬಲ್ಬು ಸತ್ತೈತಿ ಅಂತ ತಿಳ್ಕೊಂಡೈತಿ." ಕಡಿಮೆ ತಿನ್ನುವವಳನ್ನು ಕಂಡು ಕಾಯಿಲೆ ಎಂದು ಅತ್ತೆ ಗಾಬರಿಯಾದ ಹಾಗೆ! ಹಳೆಯ ಪಟ್ಟಿಯ ರಿಲೇಯಾಗಿದ್ದರೆ ಪಟ್ಟಿ ಕಾಯುವಷ್ಟು ಕರೆಂಟೇ ಸಿಗದೆ ದೀಪ ಮಿನುಗುತ್ತಲೇ ಇರಲಿಲ್ಲ.

ದಾರಿ ಎರಡಿವೆ. ಎಲ್‌ಇಡಿಯ ಪಕ್ಕದಲ್ಲಿ ಒಂದು ರೆಸಿಸ್ಟರ್ ಕೂಡಿಸಿ, ಬಲ್ಬಿನಷ್ಟೇ ಕರೆಂಟನ್ನು ಸುಮ್ಮನೆ ಸುಡುವುದು ಒಂದು. ಸೊಸೆ ಹಾಲು ಉಳಿಸಿದಳೆಂದು, ಅತ್ತೆಯ ಸಮಾಧಾನಕ್ಕೆ ಉಳಿದದ್ದನ್ನು ಬಚ್ಚಲಿಗೆ ಸುರಿದಂತೆ. ಆ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ರಿಲೇಯನ್ನೇ ಬದಲಿಸುವುದು ಸರಿಯಾದ ದಾರಿ. ಎಲ್‌ಇಡಿಗೆಂದೇ ಬರುವ ರಿಲೇ ಕರೆಂಟಿನ ಪ್ರಮಾಣ ನೋಡುವುದಿಲ್ಲ, ತನ್ನೊಳಗಿನ ಸರ್ಕ್ಯೂಟಿನಿಂದಲೇ ತಾಳ ಹಾಕುತ್ತದೆ. ಹಳೆಯದಕ್ಕೆ ಎರಡು ಕಾಲು ಸಾಕಿತ್ತು. ಇದಕ್ಕೆ ಸಾಮಾನ್ಯವಾಗಿ ಮೂರನೆಯದು, ಅರ್ತಿಂಗಿನ ತಂತಿ ಬೇಕು. ಒಂದು ನಷ್ಟ ಮಾತ್ರ ಇದೆ: ಒಂದು ದೀಪ ಸತ್ತರೂ ಈ ರಿಲೇ ಏನೂ ಆಗದಂತೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಾಲ್ಕೂ ದೀಪ ನೋಡಬೇಕು.

ರಿಲೇ ಹಾಕಿದ ಮೇಲೆ ನನ್ನ ಸ್ಕೂಟರ್ ಹೊಸ ಆಟ ಆಡಿತು. ಎಡಕ್ಕೆ ಹಾಕಿದರೆ ಎಡಬಲ ನಾಲ್ಕೂ ಮಿನುಗಿದವು. ಮೀಟರಿನೊಳಗೆ ಒಂದೇ ಒಂದು ಸೂಚಕ ಬಲ್ಬಿರುವ ಗಾಡಿಗಳಲ್ಲಿ ಹೀಗಾಗುತ್ತದೆಯಂತೆ. ಆ ಬಲ್ಬು ಎಡದ ತಂತಿಗೂ ಬಲದ ತಂತಿಗೂ ಸೇತುವೆಯಂತೆ ಕೂತಿರುತ್ತದೆ. ಅದನ್ನು ದಾಟಿ ಆಚೆ ಸೋರುವ ಕರೆಂಟು ಹಳೆಯ ಬಲ್ಬನ್ನು ಹೊತ್ತಿಸಲಾರದು, ಎಲ್‌ಇಡಿಗೆ ಅಷ್ಟೇ ಧಾರಾಳ. ನಮ್ಮ ರಸ್ತೆಗಳಲ್ಲಿ ನಾಲ್ಕೂ ದೀಪ ಮಿನುಗಿದರೆ ಜನ 'ನೇರ ಹೋಗುತ್ತಾರೆ' ಎಂದುಕೊಳ್ಳುತ್ತಾರೆ. ಎಡಕ್ಕೆ ತಿರುಗುವ ನಾನು ನೇರ ಹೋಗುವವಳೆಂದು ಸಾರಿದಂತೆ! ಮೆಕ್ಯಾನಿಕ್ ಕಡಲೆಕಾಳಿನಷ್ಟಿದ್ದ ಎರಡು ಡಯೋಡುಗಳನ್ನು ಬೆಸೆದ. ಅವು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಎಡ ಎಡವಾಯಿತು, ಬಲ ಬಲವಾಯಿತು.

ಈಗ ಕಮಲಾಪುರದ ಕಡೆಯಿಂದ ಕಂಪ್ಲಿ ರಸ್ತೆಗೆ ತಿರುಗುವಾಗ ಹಿಂದಿನ ಬಸ್ಸು ದೂರದಲ್ಲೇ ನಿಧಾನಿಸುವುದು ಕನ್ನಡಿಯಲ್ಲಿ ಕಾಣುತ್ತದೆ. ಸಂಡೂರಿನ ಕಡೆ ಹೋಗಿಬಂದ ದಿನ ಮಾತ್ರ ಮನೆಗೆ ಬಂದೊಡನೆ ಒದ್ದೆ ಬಟ್ಟೆ ತೆಗೆದುಕೊಂಡು ಹಿಂದಿನ ದೀಪಗಳ ಮುಚ್ಚಳ ಒರೆಸುತ್ತೇನೆ. ಅಲ್ಲಿನ ಕೆಂಪು ಧೂಳು ಒಂದು ಪದರ ಕೂತರೆ, ಒಳಗಿನ ದೀಪ ಎಷ್ಟೇ ತಾಳಬದ್ಧವಾಗಿ ಮಿನುಗಲಿ, ಹಗಲಲ್ಲಿ ಹಿಂದಿನವರಿಗೆ ಕಾಣುವುದಿಲ್ಲ.