1986: ಬೇಡ ಅಂದವರ ಮಾತು ನಡೆಯದ ವರ್ಷ

2019ರ ಜುಲೈ 15ರ ನಡುರಾತ್ರಿ ನಾನು ಸ್ಟುಡಿಯೋದಲ್ಲಿ ಲೈವ್‌ನಲ್ಲಿದ್ದೆ. ಹಿಂದಿನ ಪರದೆ ಮೇಲೆ ಶ್ರೀಹರಿಕೋಟಾದ ರಾಕೆಟ್ ನಿಂತಿತ್ತು. ಬೆಳಗಿನ ಜಾವ 2 ಗಂಟೆ 51 ನಿಮಿಷಕ್ಕೆ ಚಂದ್ರಯಾನ-2 ಹೊರಡಬೇಕು. ರಾಷ್ಟ್ರಪತಿಗಳೇ ಅಲ್ಲಿಗೆ ಬಂದು ಕೂತಿದ್ರು. ಸರಿಯಾಗಿ 56 ನಿಮಿಷ ಬಾಕಿ ಇರುವಾಗ ಕೌಂಟ್‌ಡೌನ್ ನಿಂತುಹೋಯ್ತು.

ಆಗಬೇಕಾದ ಘಟನೆ ಆಗದೇ ಹೋದಾಗ ಟಿವಿಯಲ್ಲಿ ಕೂತವನ ಪಾಡು ಏನು ಅಂತ ನಿಮಗೆ ಗೊತ್ತಿಲ್ಲ. ಗ್ರಾಫಿಕ್ಸ್ ರೆಡಿ ಇದೆ, ಹಾಡು ರೆಡಿ ಇದೆ, ಹೇಳೋದಕ್ಕೆ ಮಾತೇ ಇಲ್ಲ. ಬಾಯಿಗೆ ಬಂದಿದ್ದನ್ನ ಹೇಳಿಬಿಟ್ಟೆ: ‘ಕೊನೇ ಗಳಿಗೆಯಲ್ಲಿ ಕೈಕೊಟ್ಟ ಇಸ್ರೋ!’ ಪರದೆಯ ಕೆಳಗಿನ ಪಟ್ಟಿಯಲ್ಲೂ ಅದೇ ಓಡಿತು. ಇದಕ್ಕೆ ಹೊಣೆ ಯಾರು ಅಂತಲೂ ಕೇಳಿದೆ. ಬ್ರೇಕ್ ತಗೊಂಡಾಗ, ಅತಿಥಿಯಾಗಿ ಬಂದಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಮೈಕ್ ಮುಚ್ಚಿಕೊಂಡು ನಿಧಾನಕ್ಕೆ ಹೇಳಿದ್ರು: “ಅಲ್ಲಪ್ಪಾ, ನೀನೂ ಎಂಜಿನಿಯರಿಂಗ್ ಓದಿದವನು ಅಂತೀಯ. ಯಾರೋ ಒಬ್ಬ ಬೇಡ ಅಂದಿದ್ದಾನೆ, ಅವನ ಮಾತು ನಡೆದಿದೆ. ಇದರಲ್ಲಿ ಕೈಕೊಡೋದು ಏನು ಬಂತು? 1986ರಲ್ಲಿ ಏನಾಯ್ತು ಅಂತ ಓದು ಒಂದ್ಸಲ.”

1986 ನಾನು ಹುಟ್ಟಿದ ವರ್ಷ. ಚಾಲೆಂಜರ್ ಸ್ಫೋಟಿಸಿದ್ದು ಗೊತ್ತಿತ್ತು, ಅಷ್ಟೇ. ಓದ್ತಾ ಹೋದ್ರೆ ಬಾಹ್ಯಾಕಾಶದ ಇತಿಹಾಸದಲ್ಲಿ ಅಂಥ ಇನ್ನೊಂದು ವರ್ಷ ಇಲ್ಲ ಅನಿಸ್ತು.

ವರ್ಷ ಶುರುವಾಗಿದ್ದು ಭರ್ಜರಿಯಾಗೇ. ಜನವರಿ 24ಕ್ಕೆ ವೊಯೇಜರ್-2 ಯುರೇನಸ್ ಗ್ರಹದ ಮೋಡಗಳಿಂದ ಸುಮಾರು 81,500 ಕಿಲೋಮೀಟರ್ ದೂರದಲ್ಲಿ ಹಾದುಹೋಯ್ತು. 1977ರಲ್ಲಿ ಹೊರಟ ನೌಕೆ ಅದು. ಹತ್ತು ಹೊಸ ಚಂದ್ರರನ್ನ ಹುಡುಕಿಕೊಟ್ಟಿತು. ಆ ಗ್ರಹದ ಹತ್ತಿರ ಅವತ್ತಿನಿಂದ ಇವತ್ತಿನವರೆಗೂ ಇನ್ನೊಂದು ನೌಕೆ ಹೋಗಿಲ್ಲ. ಆದ್ರೆ ಆ ಸುದ್ದಿ ಜನರ ಮನಸ್ಸಿನಲ್ಲಿ ಉಳಿದಿದ್ದು ನಾಲ್ಕೇ ದಿನ.

ಅತ್ತ ಫ್ಲಾರಿಡಾದಲ್ಲಿ ಚಾಲೆಂಜರ್ ಉಡಾವಣೆ ಮುಂದಕ್ಕೆ ಹೋಗ್ತಾನೇ ಇತ್ತು. ಅದಕ್ಕೆ ಮೊದಲಿನ ಕೊಲಂಬಿಯಾ ಯಾನವೂ ಹಲವು ಸಲ ಮುಂದೂಡಿ ಜನವರಿ 12ಕ್ಕೆ ಹಾರಿತ್ತು. ಈ ಸಲ ಒಂದು ದಿನ ಹವಾಮಾನದ ಕಾಟ, ಇನ್ನೊಂದು ದಿನ ಬಾಗಿಲ ಹಿಡಿಕೆಯ ಬೋಲ್ಟ್ ಕಾಟ. ಹೌದು, ಬೋಲ್ಟೇ! ಜನವರಿ 27ಕ್ಕೆ ಅದು ಬಿಚ್ಚಲು ಬರಲಿಲ್ಲ. ಗರಗಸ ತಂದು ಕೊಯ್ದು ತೆಗೆಯೋ ಹೊತ್ತಿಗೆ ಗಾಳಿ ಜೋರಾಗಿ ಅವತ್ತಿನ ಉಡಾವಣೆಯೂ ರದ್ದು. ಅಮೆರಿಕದ ಟಿವಿಗಳು ಈ ಮುಂದೂಡಿಕೆಗಳನ್ನ ಲೇವಡಿ ಮಾಡಿದವು. ಅದನ್ನ ಓದುವಾಗ ನನಗೆ ನನ್ನದೇ ದನಿ ಕೇಳಿಸಿತು.

ಆ ರಾತ್ರಿ ಚಳಿ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತೆ ಅನ್ನೋ ಮುನ್ಸೂಚನೆ ಬಂತು. ಬೂಸ್ಟರ್ ರಾಕೆಟ್ ಮಾಡಿಕೊಟ್ಟಿದ್ದು ಯೂಟಾ ರಾಜ್ಯದ ಮಾರ್ಟನ್ ಥಯೊಕಾಲ್ ಕಂಪನಿ. ಅಲ್ಲಿನ ಎಂಜಿನಿಯರುಗಳು ಗಾಬರಿಯಾದ್ರು. ಯಾಕೆ ಅಂತ ಹೇಳ್ತೀನಿ. ನಿಮ್ಮ ಮನೆಯ ಕುಕ್ಕರ್ ಗ್ಯಾಸ್ಕೆಟ್ ನೆನಪು ಮಾಡ್ಕೊಳ್ಳಿ. ಮುಚ್ಚಳಕ್ಕೂ ಪಾತ್ರೆಗೂ ನಡುವೆ ಕೂತು ಆವಿ ಸೋರದ ಹಾಗೆ ತಡೆಯೋದು ಆ ರಬ್ಬರ್ ಬಳೆ. ಅದು ಸಡಿಲವಾದ್ರೆ ನಮ್ಮಮ್ಮ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು ತೆಗೆದು ಹಾಕ್ತಾರೆ, ಗಟ್ಟಿಯಾಗಿರುತ್ತೆ. ಬೂಸ್ಟರ್ ಅನ್ನೋದು ಒಂದೇ ಕೊಳವೆ ಅಲ್ಲ, ತುಂಡು ತುಂಡಾಗಿ ಮಾಡಿ ಜೋಡಿಸಿದ್ದು. ಒಂದೊಂದು ಕೀಲಿಗೂ ಎರಡೆರಡು ರಬ್ಬರ್ ಉಂಗುರ, ಸುಮಾರು 7 ಮಿಲಿಮೀಟರ್ ದಪ್ಪ. ಓ-ರಿಂಗ್ ಅಂತಾರೆ. ಬೆಂಕಿ ಹೊತ್ತಿಕೊಂಡ ಕ್ಷಣದಲ್ಲಿ ಕೀಲು ಒಂಚೂರು ಬಾಯಿ ಬಿಡುತ್ತೆ, ರಬ್ಬರ್ ತಕ್ಷಣ ಹಿಗ್ಗಿ ಆ ಸಂದಿಯನ್ನ ತುಂಬಬೇಕು. ಆದ್ರೆ ಚಳಿಯಲ್ಲಿ ಗಟ್ಟಿಯಾದ ರಬ್ಬರ್ ಬೇಗ ಹಿಗ್ಗೋದಿಲ್ಲ. ಅಮ್ಮನಿಗೆ ಉಪಕಾರ ಮಾಡುವ ಗುಣವೇ ಅಲ್ಲಿ ಏಳು ಜನರ ಪ್ರಾಣಕ್ಕೆ ಕುತ್ತು.

ರೋಜರ್ ಬಾಯ್ಸ್‌ಜೋಲಿ ಎಂಬ ಎಂಜಿನಿಯರ್ ಇದನ್ನ 1985ರ ಜುಲೈನಲ್ಲೇ ಬರೆದು ಎಚ್ಚರಿಸಿದ್ದರು. ಅದೇ ಅಕ್ಟೋಬರಿನಲ್ಲಿ ಅವರ ಸಹೋದ್ಯೋಗಿ ಬಾಬ್ ಎಬೆಲಿಂಗ್ ಕಳಿಸಿದ ಟಿಪ್ಪಣಿ ‘ಸಹಾಯ ಮಾಡಿ’ ಎಂಬ ಮೊರೆಯಿಂದಲೇ ಶುರುವಾಗುತ್ತೆ. ಜನವರಿ 27ರ ರಾತ್ರಿ ಫೋನಿನಲ್ಲೇ ನಾಸಾ ಜೊತೆ ಸಭೆ ನಡೀತು. ಹಿಂದಿನ ಉಡಾವಣೆಗಳಲ್ಲಿ ಅತಿ ತಣ್ಣಗಿದ್ದ ಕೀಲಿನ ತಾಪಮಾನ ಸುಮಾರು 12 ಡಿಗ್ರಿ ಸೆಲ್ಸಿಯಸ್, ಆವತ್ತೇ ಒಳಗಿನ ಉಂಗುರ ದಾಟಿ ಮಸಿ ಬಂದಿತ್ತು. ಅದಕ್ಕಿಂತ ಕೆಳಗೆ ಹಾರಿಸಬೇಡಿ ಅಂತ ಎಂಜಿನಿಯರುಗಳು ಕೇಳಿಕೊಂಡ್ರು. ಹಾಗಾದ್ರೆ ಏಪ್ರಿಲ್‌ವರೆಗೂ ಕಾಯೋದಾ ಅನ್ನೋ ಅರ್ಥದ ಮಾತು ನಾಸಾ ಕಡೆಯಿಂದ ಬಂತು. ಕಂಪನಿಯವರು ಸ್ವಲ್ಪ ಹೊತ್ತು ಸಂಪರ್ಕ ಕಡಿದುಕೊಂಡು ತಮ್ಮೊಳಗೇ ಮಾತಾಡಿದ್ರು. ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕ್ಕೋ ಅಂತ ಒಬ್ಬ ಮೇಲಧಿಕಾರಿ ಇನ್ನೊಬ್ಬರಿಗೆ ಹೇಳಿದ್ದು ಅಲ್ಲೇ. ಕೊನೆಗೆ ಮತ ಹಾಕಿದ್ದು ನಾಲ್ವರು ವ್ಯವಸ್ಥಾಪಕರು ಮಾತ್ರ. ಉಂಗುರದ ಬಗ್ಗೆ ಗೊತ್ತಿದ್ದವರನ್ನ ಯಾರೂ ಕೇಳಲಿಲ್ಲ. ಸ್ಥಳದಲ್ಲಿದ್ದ ಕಂಪನಿಯ ಪ್ರತಿನಿಧಿ ಆಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲ್ಲ ಅಂದ್ರು. ಬೇರೆಯವರು ಹಾಕಿ ಕಳಿಸಿದ್ರು.

ಜನವರಿ 28, ಅಲ್ಲಿ ಬೆಳಗ್ಗೆ 11 ಗಂಟೆ 38 ನಿಮಿಷ. ನಮ್ಮಲ್ಲಿ ರಾತ್ರಿ ಹತ್ತು ದಾಟಿತ್ತು. ತಾಪಮಾನ ಸುಮಾರು 2 ಡಿಗ್ರಿ. ಹಾರಿದ 73ನೇ ಸೆಕೆಂಡಿಗೆ ಎಲ್ಲ ಮುಗಿಯಿತು. ಒಳಗಿದ್ದ ಏಳು ಜನರಲ್ಲಿ ಒಬ್ಬರು ಶಾಲಾ ಶಿಕ್ಷಕಿ, ಕ್ರಿಸ್ಟಾ ಮೆಕಾಲಿಫ್. 11 ಸಾವಿರಕ್ಕೂ ಹೆಚ್ಚು ಶಿಕ್ಷಕರ ಅರ್ಜಿಗಳಲ್ಲಿ ಆಯ್ಕೆಯಾದವರು. ಟೀಚರ್ ಆಕಾಶಕ್ಕೆ ಹೋಗೋದನ್ನ ನೋಡೋಕೆ ಅಮೆರಿಕದ ಶಾಲೆಗಳಲ್ಲಿ ಮಕ್ಕಳನ್ನ ಟಿವಿ ಮುಂದೆ ಕೂರಿಸಿದ್ದರು.

ಇದು ನಮಗೆ ದೂರದ ಕಥೆ ಅಲ್ಲ. 1983ರಲ್ಲಿ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನ ಹೊತ್ತು ಮೇಲೆ ಬಿಟ್ಟಿದ್ದು ಇದೇ ಚಾಲೆಂಜರ್. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತಿದ್ದ ಆ ಉಪಗ್ರಹದ ಮೂಲಕವೇ ದೂರದರ್ಶನದ ರಾಷ್ಟ್ರೀಯ ಪ್ರಸಾರ ನಡೀತಿತ್ತು. ಮುಂದಿನ ಇನ್ಸಾಟ್-1ಸಿ ಅದೇ ವರ್ಷ ಶಟಲ್‌ನಲ್ಲೇ ಹೋಗಬೇಕಿತ್ತು. ಜೊತೆಗೆ ಹೋಗಲು ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು, ಇಬ್ಬರಲ್ಲಿ ಒಬ್ಬರು ಹಾರುವುದು. ಚಾಲೆಂಜರ್ ಜೊತೆ ಆ ಯಾನವೂ ಹೋಯ್ತು. ಉಪಗ್ರಹ 1988ರಲ್ಲಿ ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಹೋಯ್ತು, ಮನುಷ್ಯರು ಹೋಗಲಿಲ್ಲ.

ಅಮೆರಿಕಕ್ಕೆ ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಏಪ್ರಿಲ್ 18ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಬೇಹುಗಾರಿಕೆ ಉಪಗ್ರಹ ಹೊತ್ತ ಟೈಟಾನ್ ರಾಕೆಟ್ ಎಂಟೇ ಸೆಕೆಂಡಿನಲ್ಲಿ ಸಿಡಿಯಿತು. ಮೇ 3ಕ್ಕೆ ಹವಾಮಾನ ಉಪಗ್ರಹದ ಜೊತೆ ಡೆಲ್ಟಾ ಹೋಯ್ತು. ಮೇ ಕೊನೆಗೆ ಏರಿಯಾನ್ ಕೂಡ. ಪಶ್ಚಿಮದ ದೇಶಗಳ ದೊಡ್ಡ ರಾಕೆಟ್‌ಗಳೆಲ್ಲ ಮೂಲೆ ಸೇರಿದವು.

ಸೋವಿಯತ್ ಒಕ್ಕೂಟ ಮಾತ್ರ ಹಾರಿಸ್ತಾನೇ ಇತ್ತು. ಆ ವರ್ಷ ಜಗತ್ತಿನಲ್ಲಿ ನೂರರಷ್ಟು ಉಡಾವಣೆ ಆದ್ರೆ ತೊಂಬತ್ತರಷ್ಟು ಅವರದೇ. ಫೆಬ್ರವರಿ 20ಕ್ಕೆ ಮೀರ್ ನಿಲ್ದಾಣದ ಮೊದಲ ಭಾಗ ಮೇಲೇರಿತು. ಮಾರ್ಚ್‌ನಲ್ಲಿ ಲಿಯೊನಿಡ್ ಕಿಜಿಮ್, ವ್ಲಾದಿಮಿರ್ ಸೊಲೊವ್ಯೊವ್ ಅಲ್ಲಿಗೆ ಹೋದ್ರು. ಮೇನಲ್ಲಿ ಅಲ್ಲಿಂದ ಹಳೇ ಸಲ್ಯೂತ್-7ಕ್ಕೆ ಹೋಗಿ, ಕೆಲಸ ಮುಗಿಸಿ, ಸಾಮಾನು ತುಂಬಿಕೊಂಡು ಮತ್ತೆ ಮೀರ್‌ಗೆ ಬಂದ್ರು. ಹಳೇ ಮನೆ ಖಾಲಿ ಮಾಡಿ ಹೊಸ ಮನೆಗೆ ಬರೋ ಥರ! ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹಾಗೆ ಹೋಗಿಬಂದವರಲ್ಲಿ ಇವರೇ ಮೊದಲು. 1984ರಲ್ಲಿ ರಾಕೇಶ್ ಶರ್ಮಾ ಸಲ್ಯೂತ್‌ಗೆ ಹೋದಾಗ ಒಳಗೆ ಬರಮಾಡಿಕೊಂಡವರಲ್ಲಿ ಇವರಿಬ್ಬರೂ ಇದ್ದರು.

ನನಗೆ ಇನ್ನೂ ಇಷ್ಟವಾಗಿದ್ದು ಮಾರ್ಚ್‌ನ ಹ್ಯಾಲಿ ಧೂಮಕೇತು ಕಥೆ. ಸೋವಿಯತ್‌ನ ಎರಡು ವೇಗಾ, ಜಪಾನಿನ ಎರಡು, ಯುರೋಪಿನ ಜೊಟ್ಟೊ: ಐದು ನೌಕೆಗಳು ಅದರತ್ತ ಹೊರಟವು. ಜೊಟ್ಟೊ ತೀರಾ ಹತ್ತಿರ ನುಗ್ಗಬೇಕು, ಆದ್ರೆ ಧೂಳಿನ ಮುಸುಕಿನ ಒಳಗೆ ಗಟ್ಟಿ ಭಾಗ ಎಲ್ಲಿದೆ ಅಂತ ನಿಖರವಾಗಿ ಯಾರಿಗೆ ಗೊತ್ತು? ಮೊದಲು ತಲುಪಿದ ವೇಗಾಗಳು ಆ ಜಾಗ ತೋರಿಸಿಕೊಟ್ಟವು. ವೇಗಾ ಇರುವ ಸ್ಥಾನವನ್ನ ಕರಾರುವಾಕ್ಕಾಗಿ ಅಳೆಯೋಕೆ ನೆರವಾಗಿದ್ದು ಅಮೆರಿಕದ ಆಂಟೆನಾಗಳು. ಶೀತಲ ಸಮರದ ನಡುವೆ! ಮಾರ್ಚ್ 14ಕ್ಕೆ ಜೊಟ್ಟೊ ಸುಮಾರು 600 ಕಿಲೋಮೀಟರ್ ಹತ್ತಿರ ಹೋಯ್ತು. ಧೂಳಿನ ಏಟಿಗೆ ಸುಮಾರು ಅರ್ಧ ಗಂಟೆ ಸಂಪರ್ಕ ತಪ್ಪಿ ಮತ್ತೆ ಬದುಕಿತು. ಕಲ್ಲಿದ್ದಲಿಗಿಂತ ಕಪ್ಪಗಿದ್ದ 15 ಕಿಲೋಮೀಟರ್ ಉದ್ದದ ಗಡ್ಡೆಯನ್ನ ಮನುಷ್ಯ ಮೊದಲ ಸಲ ಹತ್ತಿರದಿಂದ ಕಂಡ. ಮಾಸ್ಕೋ ಹೇಳಿದ್ದನ್ನ ಯುರೋಪ್ ಕೇಳಿಸಿಕೊಂಡಿತು. ಯೂಟಾ ಹೇಳಿದ್ದನ್ನ ಫ್ಲಾರಿಡಾ ಕೇಳಿಸಿಕೊಳ್ಳಲಿಲ್ಲ.

ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಕ್ಯಾಮೆರಾಗಳ ಮುಂದೆಯೇ ರಬ್ಬರ್ ತುಂಡನ್ನ ಮಂಜುಗಡ್ಡೆ ನೀರಿನ ಲೋಟದಲ್ಲಿ ಅದ್ದಿ ತೋರಿಸಿದ್ದು ಪ್ರಸಿದ್ಧ. ಅದಕ್ಕಿಂತ ನನ್ನನ್ನ ಕಾಡಿದ್ದು ಅವರು ಬರೆದಿಟ್ಟ ಎರಡು ಅಂಕಿಗಳು. ಶಟಲ್ ನಾಶವಾಗುವ ಸಂಭವ ಎಷ್ಟು ಅಂದ್ರೆ, ಕೆಲಸ ಮಾಡೋ ಎಂಜಿನಿಯರುಗಳ ಲೆಕ್ಕ ನೂರರಲ್ಲಿ ಒಂದು. ಮೇಲೆ ಕೂತ ಆಡಳಿತದ ಲೆಕ್ಕ ಲಕ್ಷದಲ್ಲಿ ಒಂದು. ಒಂದೇ ಯಂತ್ರ ಸ್ವಾಮಿ!

ಚಂದ್ರಯಾನ-2 ಒಂದು ವಾರ ತಡವಾಗಿ ಜುಲೈ 22ಕ್ಕೆ ಸರಿಯಾಗಿ ಹಾರಿತು. ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿದ್ದು ಆಮೇಲಿನ ಮಾತು, ರಾಕೆಟ್ ತನ್ನ ಕೆಲಸ ಮಾಡಿತ್ತು. ಅವತ್ತು ‘ಕೈಕೊಟ್ಟ’ ಅಂದಿದ್ದಕ್ಕೆ ನಾನು ಲೈವ್‌ನಲ್ಲಿ ಕ್ಷಮೆ ಕೇಳಲಿಲ್ಲ. ಈಗ ಇಲ್ಲಿ ಕೇಳ್ತಿದ್ದೀನಿ.

ಬಾಬ್ ಎಬೆಲಿಂಗ್ ಬಗ್ಗೆ ಒಂದು ಮಾತು ಉಳಿದಿದೆ. ದುರಂತದ ಮೂರು ವಾರಗಳ ನಂತರ ಹೆಸರು ಹೇಳದೆ ರೇಡಿಯೋ ವರದಿಗಾರನೊಬ್ಬನ ಮುಂದೆ ಆ ರಾತ್ರಿಯ ಸಭೆಯ ಕಥೆ ಹೇಳಿದವರಲ್ಲಿ ಅವರೂ ಒಬ್ಬರು. ಆಮೇಲೆ ಕೆಲಸ ಬಿಟ್ಟರು. ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು, ತಪ್ಪು ನನ್ನದೇ ಅಂತ ಮೂವತ್ತು ವರ್ಷ ಕೊರಗಿದ್ರು. 2016ರ ಜನವರಿಯಲ್ಲಿ ಅದೇ ವರದಿಗಾರ ಮತ್ತೆ ಮನೆಗೆ ಬಂದು ಮಾತಾಡಿಸಿದ. ಪ್ರಸಾರವಾದ ಮೇಲೆ ಕೇಳುಗರಿಂದ ನೂರಾರು ಪತ್ರ ಬಂದವು: ನೀವು ನಿಮ್ಮ ಕೆಲಸ ಮಾಡಿದ್ದೀರಿ, ಇನ್ನು ಬಿಟ್ಟುಬಿಡಿ ಅಂತ. ಮಗಳು ಆ ಪತ್ರಗಳನ್ನ ಅವರಿಗೆ ಓದಿ ಹೇಳಿದ್ರು. ಎದೆ ಹಗುರಾಯ್ತು ಅಂತ ಆ ಮುದುಕ ಒಪ್ಪಿಕೊಂಡ್ರು. ಮಾರ್ಚ್‌ನಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.