ಜೀರುಂಡೆ ಕಾರಿನ ಅಸಲಿ ಭಾಗಗಳು

ಗುಂಡು ಬೆನ್ನು, ಅರಳಿದ ಕಣ್ಣುಗಳಂತಹ ಎರಡು ದೀಪ, ಹಿಂಭಾಗದಲ್ಲಿ ಗುಡುಗುಡಿಸುವ ಇಂಜಿನ್ – ಫೋಕ್ಸ್‌ವ್ಯಾಗನ್ ಬೀಟಲ್ ಎಂಬ ಜರ್ಮನ್ ಕಾರನ್ನು ನಮ್ಮಲ್ಲಿ ಬಹುಮಂದಿ ಚಲನಚಿತ್ರಗಳಲ್ಲಿ ನೋಡಿ ಬಲ್ಲರೇ ಹೊರತು ರಸ್ತೆಯಲ್ಲಿ ಕಂಡವರು ಕಡಿಮೆ. ಆ ಹಳೆಯ ಬೀಟಲ್ ಭಾರತದಲ್ಲಿ ತಯಾರಾಗಲಿಲ್ಲ. ಆದರೂ ಎರಡನೆಯ ಮಹಾಯುದ್ಧದ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು, “ಸರ್, ಆ ಕಾರನ್ನು ಹಿಟ್ಲರ್ ಮಾಡಿದನಂತೆ, ಹೌದೇ?” ಎಂದು ಕೇಳುವುದಿತ್ತು. ಹೌದೆಂದರೆ ಅರ್ಧ ಸುಳ್ಳು, ಅಲ್ಲವೆಂದರೆ ಇನ್ನರ್ಧ ಸುಳ್ಳು. ಪಠ್ಯ ಮುಗಿಸುವ ಅವಸರದಲ್ಲಿ ಅದಕ್ಕೆ ಪೂರ್ಣ ಉತ್ತರ ಕೊಡಲು ಅವಕಾಶವಿರುತ್ತಿರಲಿಲ್ಲ. ಈಗ ಸಾವಧಾನವಾಗಿ ಹೇಳಬಹುದು.

ಮೊದಲು ಕಲ್ಪನೆಯ ಮೂಲವನ್ನು ನೋಡೋಣ. ಇಂಜಿನ್ ಹಿಂದೆ, ಅದನ್ನು ತಣಿಸಲು ನೀರಿನ ಬದಲು ಗಾಳಿ, ಮೇಲೆ ಗುಂಡಾದ ಮೈ – ಇದು ಯಾವ ಒಬ್ಬನ ಸ್ವತ್ತೂ ಅಲ್ಲ. ಬೇಲಾ ಬಾರೆನ್ಯಿ ಎಂಬ ತರುಣ 1925ರಲ್ಲಿಯೇ ಇಂತಹ ವಾಹನದ ನಕ್ಷೆಗಳನ್ನು ಬರೆದಿದ್ದ; ಅವನ ಹಕ್ಕನ್ನು ಜರ್ಮನ್ ನ್ಯಾಯಾಲಯ ಮಾನ್ಯ ಮಾಡಿದ್ದು 1950ರ ದಶಕದಲ್ಲಿ. ಚೆಕೊಸ್ಲೊವಾಕಿಯಾದ ಟಾಟ್ರಾ ಕಾರ್ಖಾನೆಯಲ್ಲಿ ಹಾನ್ಸ್ ಲೆಡ್ವಿಂಕಾ ಎಂಬ ಇಂಜಿನಿಯರ್ ಇದೇ ಬಗೆಯ ಕಾರುಗಳನ್ನು ರೂಪಿಸುತ್ತಿದ್ದ. ಇವರಿಬ್ಬರಿಗಿಂತಲೂ ಕರುಣಾಜನಕವಾದದ್ದು ಯೋಸೆಫ್ ಗಾಂಜ್‌ನ ಕಥೆ.

ಗಾಂಜ್ ಯಹೂದಿ. ಬುಡಾಪೆಸ್ಟ್‌ನಲ್ಲಿ ಹುಟ್ಟಿದವನು, ಜರ್ಮನಿಯಲ್ಲಿ ‘ಮೋಟರ್ ಕ್ರಿಟಿಕ್’ ಎಂಬ ಪತ್ರಿಕೆಯ ಸಂಪಾದಕನಾಗಿದ್ದವನು. ಭಾರವಾದ, ದುಬಾರಿ ಕಾರುಗಳನ್ನು ಟೀಕಿಸುತ್ತ, ಜನಸಾಮಾನ್ಯರು ಕೊಳ್ಳಬಲ್ಲ ಹಗುರವಾದ ಕಾರು ಬೇಕೆಂದು ಬರೆಯುತ್ತಿದ್ದ. 1931ರಲ್ಲಿ ತಾನೇ ರೂಪಿಸಿದ ಮಾದರಿ ಕಾರಿಗೆ ಅವನು ಇಟ್ಟ ಹೆಸರು ‘ಮೈಕೇಫರ್’, ಅಂದರೆ ಮೇ ತಿಂಗಳ ಜೀರುಂಡೆ! ಅವನ ತತ್ವಗಳ ಮೇಲೆ ತಯಾರಾದ ‘ಸ್ಟ್ಯಾಂಡರ್ಡ್ ಸುಪೀರಿಯರ್’ ಎಂಬ ಪುಟ್ಟ ಕಾರು 1933ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ನಿಂತಿತ್ತು. ಆ ಪ್ರದರ್ಶನವನ್ನು ಉದ್ಘಾಟಿಸಿದವನು ಆಗತಾನೆ ಅಧಿಕಾರಕ್ಕೆ ಬಂದಿದ್ದ ಹಿಟ್ಲರ್. ಅದೇ ವರ್ಷ ಗುಪ್ತ ಪೊಲೀಸರು ಗಾಂಜ್‌ನನ್ನು ಬಂಧಿಸಿದರು, ಸಂಪಾದಕತ್ವ ಹೋಯಿತು. 1934ರಲ್ಲಿ ಅವನು ದೇಶ ಬಿಟ್ಟ. ಸ್ವಿಟ್ಸರ್ಲೆಂಡ್‌ನಲ್ಲಿ ಕೆಲಕಾಲವಿದ್ದು, ಕೊನೆಗೆ ಆಸ್ಟ್ರೇಲಿಯಾ ಸೇರಿ, 1967ರಲ್ಲಿ ಅಲ್ಲಿಯೇ ತೀರಿಕೊಂಡ. ಆ ಹೊತ್ತಿಗೆ ಬೀಟಲ್ ಜಗತ್ಪ್ರಸಿದ್ಧವಾಗಿತ್ತು. ಗಾಂಜ್‌ನ ಹೆಸರನ್ನು ಲೋಕ ಮರೆತಿತ್ತು.

ಇನ್ನು ಹಿಟ್ಲರನ ಪಾಲು. 1934ರ ಜೂನ್‌ನಲ್ಲಿ ಫರ್ಡಿನಾಂಡ್ ಪೋರ್ಶೆಗೆ ‘ಜನರ ಕಾರು’ ರೂಪಿಸುವ ಕೆಲಸ ಸಿಕ್ಕಿತು. 1938ರ ಮೇ 26ರಂದು ಕಾರ್ಖಾನೆಗೆ ಹಿಟ್ಲರ್ ಅಡಿಗಲ್ಲು ಹಾಕಿದ. ಕಾರಿನ ಬೆಲೆ 990 ಮಾರ್ಕ್ ಎಂದು ಸಾರಲಾಯಿತು. ಕೊಳ್ಳಬಯಸುವವನು ವಾರಕ್ಕೆ ಐದು ಮಾರ್ಕ್ ಕೊಟ್ಟು ಒಂದು ಚೀಟಿ ಪಡೆದು, ಅದನ್ನು ಪುಸ್ತಕದಲ್ಲಿ ಅಂಟಿಸಿಕೊಳ್ಳಬೇಕು. ಪುಸ್ತಕ ತುಂಬಿದರೆ ಕಾರು. ಸುಮಾರು 3,36,000 ಮಂದಿ ಹೀಗೆ ಹಣ ಕಟ್ಟಿದರು. ಅವರಲ್ಲಿ ಒಬ್ಬನಿಗೂ ಕಾರು ಸಿಗಲಿಲ್ಲ. 1939ರಲ್ಲಿ ಯುದ್ಧ ಆರಂಭವಾಯಿತು. ಕಾರ್ಖಾನೆ ಸೈನ್ಯದ ವಾಹನಗಳನ್ನೂ ಶಸ್ತ್ರಗಳನ್ನೂ ಮಾಡತೊಡಗಿತು. ತಯಾರಾದ ಕೆಲವೇ ನೂರು ಕಾರುಗಳು ಪಕ್ಷದ ದೊಡ್ಡವರ ಪಾಲಾದವು.

ಆ ಕಾರ್ಖಾನೆಯಲ್ಲಿ ದುಡಿದವರು ಯಾರು? ಯುದ್ಧಕಾಲದಲ್ಲಿ ಸುಮಾರು 20,000 ಮಂದಿಯನ್ನು ಬಲವಂತವಾಗಿ ಅಲ್ಲಿ ದುಡಿಸಿಕೊಳ್ಳಲಾಯಿತು: ಪೋಲೆಂಡ್ ಮತ್ತು ಸೋವಿಯತ್ ನೆಲದಿಂದ ಹಿಡಿದು ತಂದವರು, ಯುದ್ಧ ಕೈದಿಗಳು, ಸೆರೆಶಿಬಿರಗಳಿಂದ ಕರೆತಂದವರು. ಅವರಲ್ಲಿನ ತಾಯಂದಿರಿಂದ ಹಸುಗೂಸುಗಳನ್ನು ಬೇರ್ಪಡಿಸಿ, ರ್ಯೂಹೆನ್ ಎಂಬ ಹತ್ತಿರದ ಹಳ್ಳಿಯ ‘ಶಿಶುಗೃಹ’ದಲ್ಲಿ ಇರಿಸಲಾಯಿತು. ಸರಿಯಾದ ಹಾಲು, ಆರೈಕೆಗಳಿಲ್ಲದೆ ಅಲ್ಲಿ ಮುನ್ನೂರಕ್ಕೂ ಹೆಚ್ಚು ಕೂಸುಗಳು ಸತ್ತವು. ಹೊಣೆಗಾರನಾದ ಕಾರ್ಖಾನೆಯ ವೈದ್ಯನಿಗೆ ಯುದ್ಧಾನಂತರ ಬ್ರಿಟಿಷ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕಾರಿನ ಜಾಹೀರಾತುಗಳಲ್ಲಿ ಈ ಕೂಸುಗಳ ಸುದ್ದಿ ಬರುವಂತಿರಲಿಲ್ಲ, ನಿಜ. ಆದರೆ ಚರಿತ್ರೆ ಬರೆಯುವವರೂ ದಶಕಗಳ ಕಾಲ ಇದನ್ನು ಬದಿಗೆ ಸರಿಸಿದ್ದರು. ಕಂಪನಿಯೇ ಹಾನ್ಸ್ ಮಾಮ್ಸೆನ್ ಎಂಬ ಇತಿಹಾಸಕಾರನಿಗೆ ಅಧ್ಯಯನದ ಕೆಲಸ ವಹಿಸಿ, ಆ ಬೃಹತ್ ಗ್ರಂಥ 1996ರಲ್ಲಿ ಹೊರಬಂದ ಮೇಲೆ ಸಂಗತಿಗಳು ವಿವರವಾಗಿ ಬೆಳಕು ಕಂಡವು. 1998ರಲ್ಲಿ ಬದುಕುಳಿದವರಿಗಾಗಿ ಪರಿಹಾರ ನಿಧಿ ಬಂತು; 1999ರಲ್ಲಿ ಕಾರ್ಖಾನೆಯೊಳಗೇ ಒಂದು ಸ್ಮಾರಕ ಸ್ಥಳ ತೆರೆಯಿತು.

ಯುದ್ಧ ಮುಗಿದಾಗ ಕಾರ್ಖಾನೆ ಬಾಂಬುಗಳಿಂದ ಹಾನಿಗೊಂಡಿತ್ತು. ಪಕ್ಕದ ಊರಿಗೆ, ಅಲ್ಲಿನ ಹಳೆಯ ಕೋಟೆಮನೆಯ ನೆನಪಿನಲ್ಲಿ, ವುಲ್ಫ್ಸ್‌ಬರ್ಗ್ ಎಂದು ಹೊಸ ಹೆಸರು ಬಂತು. 1945ರ ಆಗಸ್ಟ್‌ನಲ್ಲಿ ಅದರ ಉಸ್ತುವಾರಿಗೆ ಬಂದ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ. ಯಂತ್ರಗಳನ್ನು ಕಿತ್ತು ಸಾಗಿಸುವ ಮಾತು ಬಲವಾಗಿದ್ದ ಕಾಲದಲ್ಲಿ, ಅವನು ಉಳಿದಿದ್ದ ಒಂದು ಕಾರಿಗೆ ಸೈನ್ಯದ ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿದ. ವಾಹನಗಳ ಕೊರತೆಯಿದ್ದ ಸೈನ್ಯ 20,000 ಕಾರುಗಳಿಗೆ ಬೇಡಿಕೆ ಕೊಟ್ಟಿತು. 1946ರ ಅಕ್ಟೋಬರ್‌ನಲ್ಲಿ ಹತ್ತು ಸಾವಿರದ ಕಾರು ಹೊರಬಂತು. ಬ್ರಿಟಿಷ್ ಮೋಟಾರು ಉದ್ಯಮಕ್ಕೆ ಈ ಕಾರಿನಲ್ಲಿ ಭವಿಷ್ಯ ಕಾಣಲಿಲ್ಲ. 1948ರಲ್ಲಿ ಹೈನ್ಸ್ ನೋರ್ಡ್‌ಹಾಫ್ ಮುಖ್ಯಸ್ಥನಾದ. ಮರುವರ್ಷ ಕಾರ್ಖಾನೆ ಜರ್ಮನರ ಕೈ ಸೇರಿತು. ಗೆದ್ದವರು ಬೇಡವೆಂದ ಕಾರು 1972ರ ಫೆಬ್ರವರಿ 17ರಂದು ಒಂದೂವರೆ ಕೋಟಿಯ ಗಡಿ ದಾಟಿ, ಫೋರ್ಡ್ ಟಿ ಮಾದರಿಯ ದಾಖಲೆಯನ್ನು ಮುರಿಯಿತು.

ಇನ್ನು ಕಾರಿನ ಭಾಗಗಳು. ಶಾಸನಗಳಂತೆ ಇವನ್ನೂ ಓದಲು ಸಾಧ್ಯ. ಹಳೆಯ ಬೀಟಲ್‌ಗಳಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳೇ ಇರಲಿಲ್ಲ. ಇಂಜಿನ್ ತೊದಲತೊಡಗಿದಾಗ, ಚಾಲಕನು ಕಾಲಿನ ಬಳಿಯಿದ್ದ ಪುಟ್ಟ ಕೀಲನ್ನು ತಿರುಗಿಸಿದರೆ, ಟ್ಯಾಂಕಿನ ತಳದಲ್ಲಿ ಉಳಿದ ಸುಮಾರು ಐದು ಲೀಟರ್ ದೊರೆಯುತ್ತಿತ್ತು. ಆ ಮುಳ್ಳು ಬಂದದ್ದು 1961ರಲ್ಲಿ. ಹಿಂದಿನ ಗಾಜು 1953ರ ಮಾರ್ಚ್‌ವರೆಗೆ ನಡುವೆ ಪಟ್ಟಿಯಿದ್ದ ಎರಡು ಪುಟ್ಟ ತುಂಡು. ಆಮೇಲೆ ಮೊಟ್ಟೆಯಾಕಾರದ ಒಂದೇ ಗಾಜು. 1957ರ ಆಗಸ್ಟ್‌ನಿಂದ ದೊಡ್ಡ ಚೌಕ ಗಾಜು. ತಿರುವಿನಲ್ಲಿ ಮಿನುಗುವ ದೀಪದ ಬದಲು, ಬಾಗಿಲ ಪಕ್ಕದ ಕಂಬದಿಂದ ಕೈಚಾಚಿದಂತೆ ಒಂದು ಪಟ್ಟಿ ಹೊರಬರುತ್ತಿತ್ತು. ಯುರೋಪಿನ ಕಾರುಗಳಲ್ಲಿ ಅದು 1960ರವರೆಗೂ ಇತ್ತು. ಅಗ್ಗದ ಮಾದರಿಗೆ 1962ರವರೆಗೆ ತಂತಿ ಎಳೆಯುವ ಬ್ರೇಕುಗಳೇ ಗತಿ. 1960ರ ದಶಕದ ಕಾರುಗಳಲ್ಲಿ ಮುಂದಿನ ಗಾಜಿಗೆ ನೀರು ಚಿಮ್ಮಿಸುವ ಉಪಾಯವಂತೂ ಮೆಚ್ಚುವಂಥದ್ದು: ಪಂಪು ಇಲ್ಲ, ಮುಂದೆ ಬಾನೆಟ್ಟಿನಡಿ ಮಲಗಿದ ಸ್ಟೆಪ್ನಿ ಟೈರಿನ ಗಾಳಿಯೇ ನೀರನ್ನು ನೂಕುತ್ತಿತ್ತು. ಗಾಳಿ ಒಂದು ಮಟ್ಟಕ್ಕಿಂತ ಇಳಿಯದಂತೆ ಕವಾಟ ತಾನೇ ಮುಚ್ಚಿಕೊಳ್ಳುತ್ತಿತ್ತು. ಗಾಜು ತೊಳೆದು ಟೈರು ಖಾಲಿಯಾಗುವ ಭಯವಿರಲಿಲ್ಲ.

ಗಾಳಿಯಿಂದ ತಣಿಯುವ ಇಂಜಿನ್ನಿನ ಗುಟ್ಟೂ ಮಿತವ್ಯಯವೇ. ರೇಡಿಯೇಟರ್ ಇಲ್ಲದ್ದರಿಂದ ಸೋರುವ ಕಾಟವಿಲ್ಲ, ಜರ್ಮನಿಯ ಚಳಿಗೆ ನೀರು ಹೆಪ್ಪುಗಟ್ಟುವ ಆತಂಕವಿಲ್ಲ; ಷೆಡ್ಡಿಲ್ಲದವನು ಬೀದಿಯಲ್ಲೇ ಕಾರು ನಿಲ್ಲಿಸಬಹುದಿತ್ತು. ಬಡವರ ಕಾರಾಗಬೇಕೆಂಬ ಮೂಲ ಆಶಯ ಈ ಭಾಗಗಳಲ್ಲಿ ಇಂದಿಗೂ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಅನೇಕರು ಇಷ್ಟಪಡುವ ಪಿಂಗಾಣಿಯ ಹೂದಾನಿ ಮಾತ್ರ ಕಾರಿನ ಮೂಲಭಾಗವಲ್ಲ, ಬೇರೆಯಾಗಿ ಕೊಂಡು ಕೂರಿಸುತ್ತಿದ್ದ ಅಲಂಕಾರ.

ಇಂದು ಹಳೆಯ ಬೀಟಲ್ ಸಂಗ್ರಹಿಸುವವರು ಇಂತಹ ಪ್ರತಿಯೊಂದು ಭಾಗವೂ ಅಸಲಿಯೇ ಎಂದು ಪರೀಕ್ಷಿಸುತ್ತಾರೆ. ಚಾಸಿಯ ಸಂಖ್ಯೆಗೂ ಇಂಜಿನ್ನಿನ ಸಂಖ್ಯೆಗೂ ತಾಳೆ ನೋಡುತ್ತಾರೆ. ಒಳ್ಳೆಯ ಶ್ರದ್ಧೆ. ಮನುಷ್ಯರ ಲೆಕ್ಕವನ್ನು ತಾಳೆ ನೋಡಲು ಮಾತ್ರ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಚೀಟಿ ಅಂಟಿಸಿ ಕಾದವರು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ, 1961ರಲ್ಲಿ ಪಡೆದದ್ದು ಹೊಸ ಕಾರಿನ ಬೆಲೆಯಲ್ಲಿ ಗರಿಷ್ಠ 600 ಮಾರ್ಕ್ ರಿಯಾಯಿತಿ, ಇಲ್ಲವೇ 100 ಮಾರ್ಕ್ ನಗದು. ಟಾಟ್ರಾದ ದಾವೆ ಇತ್ಯರ್ಥವಾದದ್ದು 1965ರಲ್ಲಿ. ರ್ಯೂಹೆನ್ನಿನ ಕೂಸುಗಳಿಗೆ ಯಾವ ಪರಿಹಾರವೂ ತಲುಪುವಂತಿರಲಿಲ್ಲ.

ಕೊನೆಯ ಬೀಟಲ್ 2003ರ ಜುಲೈ 30ರಂದು ಮೆಕ್ಸಿಕೋದ ಪುಯೆಬ್ಲಾದಲ್ಲಿ ಹೊರಬಂತು. ಅಲ್ಲಿಗೆ ಒಟ್ಟು 2,15,29,464 ಕಾರುಗಳು. ಕಾರನ್ನು ಮಾಡಿದವರು ಯಾರೆಂಬ ಪ್ರಶ್ನೆಗೆ ಒಂದೇ ಹೆಸರು ಹೇಳುವುದು ಸುಲಭ. ಸುಲಭವಾದ್ದರಿಂದಲೇ ಹಿಟ್ಲರ್ ಮತ್ತು ಪೋರ್ಶೆಯ ಹೆಸರುಗಳು ಉಳಿದವು. ಕಲ್ಪಿಸಿಕೊಂಡು ದೇಶಭ್ರಷ್ಟನಾದವನು, ಹಣ ಕಟ್ಟಿ ಮೋಸಹೋದವರು, ಸೆರೆಯಲ್ಲಿ ದುಡಿದವರು, ಶತ್ರುವಿನ ಕಾರ್ಖಾನೆಯನ್ನು ಉಳಿಸಿದ ಮೇಜರ್ – ಇವರೆಲ್ಲರೂ ಆ ಕಾರಿನ ಅಸಲಿ ಭಾಗಗಳೇ. ಇವರಲ್ಲಿ ಯಾರನ್ನು ಬಿಟ್ಟರೂ ಅದರ ಚರಿತ್ರೆ ಪೂರ್ತಿಯಾಗದು.